ಕಸ್ತೂರೆವ್ವನ ತಾಟು

ನಮ್ಮ ಮನೆಯಲ್ಲಿ ಮಡಿ ಶುರುವಾದದ್ದು ನನ್ನ ಮಗಳು ತಮನ್ನಾಳಿಂದ. ನಮ್ಮೂರು ಸಂಶಿಯ ಇನ್ನಾವ ಮುಸಲ್ಮಾನರ ಮನೆಯಲ್ಲೂ ಹೀಗೆ ಆಗಿರಲಿಕ್ಕಿಲ್ಲ. ಧಾರವಾಡದಲ್ಲಿ ಓದು ಮುಗಿಸಿ ಬಂದವಳು ಇನ್ನು ಮಾಂಸ ತಿನ್ನುವುದಿಲ್ಲ, ತತ್ತಿ ತಿನ್ನುವುದಿಲ್ಲ, ಹಾಲು ಮೊಸರನ್ನೂ ಮುಟ್ಟುವುದಿಲ್ಲ ಎಂದಳು. ಹಿತ್ತಲಲ್ಲಿ ತನ್ನದೇ ಗ್ಯಾಸ್ ಒಲೆ, ತನ್ನದೇ ಬೋಗುಣಿ, ತನ್ನದೇ ಸೌಟು ಇಟ್ಟುಕೊಂಡಳು. ಒಂದು ದಿನ ನಾನು ಮರೆತು ಆ ಸೌಟನ್ನು ಕೋಳಿ ಸಾರಿಗೆ ಹಾಕಿದೆ. ಅವಳು ಮಾಡಿದ ಗದ್ದಲ ನೋಡಿ, ಇವಳನ್ನು ಯಾವುದಾದರೂ ಮಠಕ್ಕೆ ಬಿಟ್ಟು ಬರುವುದೇ ಒಳ್ಳೆಯದು ಅನ್ನಿಸಿತು. ಸೌಟನ್ನು ಬಿಸಾಡಿ ಹೊಸದು ತಂದಳು.

ರಾತ್ರಿ ಊಟಕ್ಕೆ ಫೋನಿನಲ್ಲಿ ನೋಡಿ ಕಲಿತ ಅವಳದೊಂದು ಪದಾರ್ಥ. ಮೈದಾ ಹಿಟ್ಟನ್ನು ಗಟ್ಟಿಯಾಗಿ ನಾದಿ, ನೀರಿನಲ್ಲಿ ನೆನೆಯಲು ಬಿಟ್ಟು, ಆಮೇಲೆ ಹಿಸುಕಿ ಹಿಸುಕಿ ತೊಳೆಯುತ್ತಾಳೆ. ಹಾಲಿನಂಥ ನೀರೆಲ್ಲ ಹೋಗಿ ಕೈಯಲ್ಲಿ ಜಿಗಟು ಗಡ್ಡೆಯೊಂದು ಉಳಿಯುತ್ತದೆ. ಅದನ್ನು ಕುದಿಸಿ, ತುಂಡು ಮಾಡಿ ಮಸಾಲೆಗೆ ಹಾಕುತ್ತಾಳೆ. ಅದಕ್ಕೆ ಸೈತಾನ್ ಎನ್ನುತ್ತಾರಂತೆ. ಹೆಸರು ಕೇಳಿ ನನ್ನ ಅತ್ತೆ ಖಾಸಿಂಬಿ ತೋಬಾ ತೋಬಾ ಎಂದು ಕೆನ್ನೆ ಮುಟ್ಟಿಕೊಂಡರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗೋಧಿ ಗಡ್ಡಿ.

ಮೊದಮೊದಲು ಅದನ್ನು ಅಗಿದು ನನ್ನ ದವಡೆ ನೋಯುತ್ತಿತ್ತು. ಅತ್ತೆಗೆ ಮೊಮ್ಮಗಳ ಮೇಲೆ ಕನಿಕರ ಬಂದು, ಒಣಕೊಬ್ಬರಿ, ಗಸಗಸೆ, ಸುಟ್ಟ ಉಳ್ಳಾಗಡ್ಡಿ ಅರೆದು ಹಾಕುವ ತಮ್ಮ ಮಟನ್ ಸಾರಿನ ಮಸಾಲೆಯನ್ನೇ ಹೇಳಿಕೊಟ್ಟರು. ಆದರೂ ಉಣ್ಣಲು ಕೂತಾಗಲೆಲ್ಲ ಎಲ್ಲರದೂ ಒಂದೇ ತಕರಾರು, ಮಟನ್ ಹಾಗೆ ಆಗಿಲ್ಲ ಎಂದು. ನೋಡಲೂ ಹಾಗಿಲ್ಲ, ತಿನ್ನಲೂ ಹಾಗಿಲ್ಲ. ಅದನ್ನು ಹಾಗೆ ಮಾಡಿಯೇ ತೀರಬೇಕೆಂದು ಹುಡುಗಿ ಹಟಕ್ಕೆ ಬಿದ್ದಳು.

ಬಾಜು ಮನೆ ಕಸ್ತೂರೆವ್ವನವರದು. ಕೊರಳಲ್ಲಿ ಲಿಂಗ, ಬೆಳಿಗ್ಗೆ ಪೂಜೆಯಾಗದೆ ಹನಿ ನೀರೂ ಕುಡಿಯುವವರಲ್ಲ. ಅವರೂ ನಮ್ಮ ಅತ್ತೆಯೂ ಸೊಸೆಯರಾಗಿ ಈ ಓಣಿಗೆ ಬಂದಂದಿನಿಂದ ಗೆಳತಿಯರು. ಅವರ ಮನೆಯ ಹೋಳಿಗೆ, ಹುಗ್ಗಿ, ಎಳ್ಳಮಾಸಿ ಕಡಬು ಎಲ್ಲವನ್ನೂ ಅತ್ತೆ ಅಲ್ಲಿಯೇ ಕೂತು ಉಂಡಿದ್ದಾರೆ. ನಮ್ಮ ಮನೆಯಲ್ಲಿ ಕಸ್ತೂರೆವ್ವ ಬಾಳೆಹಣ್ಣು, ಎಲೆ ಅಡಿಕೆಯ ಆಚೆ ದಾಟಿದವರಲ್ಲ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ಅವರು ಉಣ್ಣುವುದಿಲ್ಲ, ಅಷ್ಟೆ. ಯಾರಿಗೂ ಸಿಟ್ಟಿರಲಿಲ್ಲ. ಆದರೆ ನನ್ನ ಮದುವೆಗೆ ಬೇರೆ ಅಡುಗೆಯವರನ್ನು ಕರೆಸಿ ಮಾಡಿಸಿದರೂ ಕಸ್ತೂರೆವ್ವ ಬಾಳೆಹಣ್ಣು ತಿಂದು ಎದ್ದ ಕಥೆಯನ್ನು ಅತ್ತೆ ಆಗಾಗ ನಗುತ್ತ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಒಂದು ದಿನ ಕಸ್ತೂರೆವ್ವ ತಮನ್ನಾಳಿಗೆಂದು ಮೊಸರು ತಂದರು. ಅವಳು ಒಲ್ಲೆ ಎಂದಳು.

"ನನ್ನ ಎಮ್ಮಿ ಮಸರ ಒಲ್ಲೆ ಅಂತಾಳ. ಖಾಸಿಂಬಿ, ನಿನ್ನ ಮೊಮ್ಮಗಳು ನನಗಿಂತ ಕಡಕ್ ಆದಳಲ್ಲ ಬೇ," ಎಂದು ಕಸ್ತೂರೆವ್ವ ಹಿತ್ತಲಿಗೆ ಹೋಗಿ ಒಲೆಯನ್ನೂ ಪಾತ್ರೆಗಳನ್ನೂ ಒಂದೊಂದಾಗಿ ನೋಡಿದರು. "ಈ ಒಲಿ ಮ್ಯಾಲ ಬ್ಯಾರೆ ಏನೂ ಆಗೂದಿಲ್ಲ?"

"ಇಲ್ರಿ ಆಯಿ. ಅಮ್ಮಿಗೂ ಮುಟ್ಟಾಕ ಕೊಡೂದಿಲ್ರಿ."

"ಹಂಗಾರ ನಾಳೆ ಸಂಜಿಮುಂದ ನಾ ಇಲ್ಲೇ ಉಣ್ತೀನಿ ತಗೋ."

ಮರುದಿನ ಅತ್ತೆ ಮೊಣಕಾಲು ನೋವು ಕಟ್ಟಿಕೊಂಡು ತಾವೇ ಪೇಟೆಗೆ ಹೋಗಿ ಹೊಸ ಸ್ಟೀಲ್ ತಾಟು ತಂದು ತೊಳೆದು ಒರೆಸಿ ಇಟ್ಟರು.

ಸಂಜೆ ಕಸ್ತೂರೆವ್ವ ಬಂದು ಚಾಪೆಯ ಮೇಲೆ ಕೂತರು. ಎದುರಿಗೆ ಅತ್ತೆ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಹಾಕಿದ್ದಾಯಿತು. ತಮನ್ನಾ ಬೋಗುಣಿ ತಂದು ಗೋಧಿ ಗಡ್ಡಿಯ ಸಾರನ್ನು ಧಾರಾಳವಾಗಿ ಬಡಿಸಿ, ಮುಖವರಳಿಸಿ ಹೇಳಿದಳು:

"ಉಂಡು ನೋಡ್ರಿ ಆಯಿ. ಇವತ್ತ ಅಗದಿ ಮಟನ್ ಹಂಗ ಆಗೇತಿ."

ಕಸ್ತೂರೆವ್ವನವರ ಕೈ ರೊಟ್ಟಿಯ ಮೇಲೆಯೇ ನಿಂತಿತು. ತಾಟಿನಲ್ಲಿ ಕೆಂಪು ಎಣ್ಣೆ, ಕಂದು ತುಂಡುಗಳು. ಇಷ್ಟು ದಿನ ಮಟನ್‌ನಂತೆ ಕಾಣುವುದೇ ಇಲ್ಲ ಎಂದು ನಾವು ಬೈದ ಪದಾರ್ಥ ಆ ಗಳಿಗೆಯಲ್ಲಿ ನನ್ನ ಕಣ್ಣಿಗೂ ಮಟನ್ ಆಗಿಯೇ ಕಂಡಿತು. ಕಾಯಿಪಲ್ಯಕ್ಕೇನು ಬರವಿತ್ತೇ ಊರಲ್ಲಿ? ಆ ಹೆಣ್ಣುಮಗಳಿಗೆ ಬಡಿಸಬಾರದ ಒಂದೇ ಒಂದು ಸಾರನ್ನು ಹುಡುಕಿ ಬಡಿಸಿದ್ದೆವು. ನಮಗೆ ಅದು ಬರೀ ಗೋಧಿಯಾಗಿ ಹೋಗಿತ್ತು, ಅವರಿಗೆ ಹೇಗೆ ಕಂಡೀತು ಎಂದು ಒಬ್ಬರಾದರೂ ಯೋಚಿಸಿರಲಿಲ್ಲ. ನನಗೆ ಮಗಳ ಮೇಲೆ, ನನ್ನ ಮೇಲೆ, ಆ ಫೋನಿನ ಮೇಲೆ ಒಟ್ಟಿಗೇ ಸಿಟ್ಟು ಬಂತು.

"ಯಾಕೋ ಹೊಟ್ಟಿ ತುಂಬಿದಂಗ ಆಗೇತಿ," ಎಂದರು ಕಸ್ತೂರೆವ್ವ ಮೆಲ್ಲಗೆ. ಇನ್ನೊಂದು ಕೈ ಕೊರಳಿನ ಲಿಂಗದ ಮೇಲಿತ್ತು.

ಅತ್ತೆಯ ಮುಖ ಬಿಳಿಚಿಕೊಂಡಿತು. ನನಗೆ ತಡೆಯಲಾಗಲಿಲ್ಲ. "ಅಲ್ಲಾನ ಆಣಿ ಮಾಡಿ ಹೇಳ್ತೀನ್ರಿ, ಇದು..."

"ಆಣಿ ಮಾಡಬ್ಯಾಡ," ಎಂದು ಅತ್ತೆ ನನ್ನನ್ನು ತಡೆದರು. ಅವರಿಗೆ ಅದೇ ಹೆಚ್ಚು ನೋವು ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷದ ಗೆಳೆತನ ಒಂದು ತುತ್ತಿಗೆ ಆಣೆ ಬೇಡುವಂತಾಗಬಾರದು. ಅತ್ತೆ ತಮ್ಮ ತಾಟು ಬದಿಗಿಟ್ಟು ಗೆಳತಿಯ ಹತ್ತಿರ ಸರಿದರು.

"ಕಸ್ತೂರಿ, ಗೋಧಿ ಕೊಯ್ಯಾಕ ಹೋಗ್ತಿದ್ವಿ, ನೆನಪೈತಿ? ತೆನಿ ತಿಕ್ಕಿ ಕಾಳ ಬಾಯಾಗ ಹಾಕೊಂಡು ದಿನಾ ಅಗೀತಿದ್ವಿ."

"ಹೂಂ."

"ಅಗದು ಅಗದು ಕಡೀಕ ಬಾಯಾಗ ಏನ ಉಳೀತಿತ್ತು?"

ಕಸ್ತೂರೆವ್ವ ಹುಬ್ಬು ಗಂಟಿಕ್ಕಿದರು. "ಜಿಗಟ. ಎಳದ್ರ ರಬ್ಬರ್ ಆದಂಗ ಆಗ್ತಿತ್ತು. ಹಲ್ಲಿಗಿ ಹತ್ತಿ ನಿನ್ನ ಮಾತ ಬರ್ತಿರಲಿಲ್ಲ."

"ಅದ ಐತಿ ಇದು. ತಮನ್ನಾ, ಹಸೀದು ತೊಗೊಂಡು ಬಾ."

ತಮನ್ನಾ ಬೇಯಿಸದೆ ಉಳಿಸಿದ್ದ ಗಡ್ಡೆಯನ್ನು ತಂದಳು. ಕಸ್ತೂರೆವ್ವ ಅದನ್ನು ಬೆರಳಲ್ಲಿ ಹಿಡಿದು ಎಳೆದರು, ಬಿಟ್ಟರು, ಮತ್ತೆ ಎಳೆದರು. ಚೂರು ಕಿತ್ತು ಬಾಯಿಗೆ ಹಾಕಿಕೊಂಡರು. ಉಳಿದಿರುವ ಹಲ್ಲುಗಳೆಲ್ಲ ಒಂದು ಕಡೆಗೇ ಇವೆ, ಅಲ್ಲಿಯೇ ಅಗಿದರು. ನಾವು ಮೂವರೂ ಅವರ ದವಡೆಯನ್ನೇ ನೋಡುತ್ತ ಕೂತೆವು.

"ಅದ ಐತಿ," ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕುರಡಗಿ ಸಂಡಗಿ ಮಾಡಾಕ ಗೋಧಿ ಹಾಲ ತಗೀತೀನಲ್ಲ, ಹಿಂದ ಉಳಿದ ಜಿಗಟ ದರಾ ವರ್ಷ ಎಮ್ಮಿಗೆ ಹಾಕ್ತೀನಿ ಬೇ ನಾ."

ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ತುಂಡಿನ ಸಮೇತ ಬಾಯಿಗಿಟ್ಟರು. ಹೋದ ಜೀವ ಬಂದಂತಾಯಿತು ನನಗೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಮುಚ್ಚಿಡಲೂ ನೋಡಲಿಲ್ಲ.

"ಉಪ್ಪ ಒಂದೀಟ ಕಡಿಮಿ ಆಗೇತಿ," ಎಂದರು ಕಸ್ತೂರೆವ್ವ.

ಹುಡುಗಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ. "ಮಟನ್ ಹಂಗ ಆಗೇತಿಲ್ರಿ?"

"ಅದನ್ನ ನಾ ಹೆಂಗ ಹೇಳ್ಲಿ ತಂಗಿ," ಎಂದು ಅವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಅವರು ಹೋದ ಮೇಲೆ ಆ ತಾಟನ್ನು ತೊಳೆಯಲು ಅತ್ತೆ ನನಗೆ ಕೊಡಲಿಲ್ಲ. ತಾವೇ ತೊಳೆದು ಹಿತ್ತಲಿನ ಗೋಡೆಯ ಮಾಡದಲ್ಲಿ ನಿಲ್ಲಿಸಿದರು. ಒಂದು ಸಲ ಉಂಡರು, ನಮ್ಮ ಮನಸ್ಸು ಕಾಯ್ದರು, ಇನ್ನು ಬಾಳೆಹಣ್ಣಿಗೇ ಮರಳುತ್ತಾರೇನೋ ಎಂಬ ಅಳುಕು ಇಬ್ಬರಿಗೂ ಇತ್ತು.

ಬೇಸಿಗೆ ಬಂತು. ಕಸ್ತೂರೆವ್ವ ಕುರಡಗಿಗೆ ಗೋಧಿ ಅರೆದ ದಿನ ಸಂಜೆ, ಯಾರೂ ಕರೆಯದೆ, ಮುಚ್ಚಿದ ಡಬರಿ ಹಿಡಿದುಕೊಂಡು ನೇರ ಹಿತ್ತಲಿಗೆ ಬಂದರು. ಡಬರಿಯಲ್ಲಿ ಹೊಟ್ಟು ತೊಳೆದು ತೆಗೆದ ಜಿಗಟು ಇತ್ತು.

"ಎಮ್ಮಿ ಸಿಟ್ಟಾಗೇತಿ ನನ್ನ ಮ್ಯಾಲ," ಎಂದು ಅದನ್ನು ತಮನ್ನಾಳ ಕೈಗೆ ಕೊಟ್ಟರು. ಮಾಡದತ್ತ ಹೋಗಿ ತಮ್ಮ ತಾಟನ್ನು ತಾವೇ ತೆಗೆದುಕೊಂಡು ಅತ್ತೆಯ ಬಾಜು ಕೂತರು.

"ಲಗೂ ಮಾಡ್ರಿ. ಹಸಿವ್ಯಾಗೇತಿ ನನಗ."