ದೊರೆಸಾನಿಯ ಹಾಲು

ನಮ್ಮ ಪ್ರಯೋಗಾಲಯಕ್ಕೆ ಪ್ರಾಣಿಗಳು ಇಡಿಯಾಗಿ ಬರುವುದಿಲ್ಲ. ಹಸುವೊಂದು ಬೆರಳಗಲದ ಯಕೃತ್ತಿನ ತುಂಡಾಗಿ ಬರುತ್ತದೆ, ಬಾತುಕೋಳಿ ನಾಲ್ಕು ಗರಿಗಳಾಗಿ, ಕುದುರೆ ಬಾಲದ ಒಂದು ಹಿಡಿ ಕೂದಲಾಗಿ. ನಾವು ಅವನ್ನು ಒಣಗಿಸಿ, ತೂಗಿ, ಆಮ್ಲದಲ್ಲಿ ಕರಗಿಸುತ್ತೇವೆ. ನೀರಿನಷ್ಟು ತಿಳಿಯಾದ ಮೇಲೆ ಯಂತ್ರದ ಉರಿಗೆ ಊದುತ್ತೇವೆ. ಬದುಕಿದ್ದಾಗ ಅದರ ಮೈ ಸೇರಿದ್ದ ಸೀಸವೋ ಕ್ಯಾಡ್ಮಿಯಮ್ಮೋ ಎಷ್ಟು ಎಂಬುದು ಅಂಕಿಯಾಗಿ ಹೊರಬರುತ್ತದೆ. ನೀಲಿ ಉರಿಯನ್ನು ನೋಡುತ್ತ ಕೂತರೆ ನನಗೆ ಅದರೊಳಗೆ ಬಾಲ ಬೀಸುತ್ತ ಹಾದುಹೋಗುವ ಹಸು ಕಾಣುತ್ತದೆ. ಕಥೆ ಕೇಳಿ ಬೆಳೆದವರ ಪಾಡೇ ಇಷ್ಟು.

ನನಗೆ ಕೆಲಸ ಕಲಿಸಿದವರನ್ನು ಎಲ್ಲರೂ ತೂಕದ ಮಾಮ ಎನ್ನುತ್ತಾರೆ. ಬಿಸ್ಕತ್ತನ್ನೂ ತಕ್ಕಡಿಗೆ ಹಾಕಿ ನೋಡಿಯೇ ತಿನ್ನುತ್ತಾರೆಂದು ಅವರ ಮೇಲೊಂದು ಅಪವಾದ. ಅಪವಾದವಲ್ಲ, ನಾನೇ ಕಂಡಿದ್ದೇನೆ.

ಒಂದು ಬುಧವಾರ ಬೆಳಿಗ್ಗೆ ಮುದಿ ಕುರಿಯೊಂದರ ಎರಡು ಡಬ್ಬಿ ಬಂದವು. ಒಂದರಲ್ಲಿ ರಕ್ತ, ಇನ್ನೊಂದರಲ್ಲಿ ಕಾಲಿನ ಮೂಳೆ. ರಕ್ತದಲ್ಲಿ ಸೀಸದ ಅಂಕಿ ಸಣ್ಣದಿತ್ತು. ಮೂಳೆಯ ಅಂಕಿ ಮೇಲಕ್ಕೇರುತ್ತ ಹೋಯಿತು.

"ಮಾಮ, ಯಂತ್ರಕ್ಕೆ ತಲೆ ಕೆಟ್ಟಿದೆ."

"ಅದರ ತಲೆ ನೆಟ್ಟಗಿದೆ, ನಿಂದು ನೋಡ್ಕೋ." ಅವರು ಕನ್ನಡಕವನ್ನು ಹಣೆಗೇರಿಸಿದರು. "ರಕ್ತ ಅನ್ನೋದು ಬಸ್ ಸ್ಟ್ಯಾಂಡು ಕಣಮ್ಮ. ಈಗ ಬಂದು ಹೋಗ್ತಿರೋರು ಮಾತ್ರ ಅಲ್ಲಿ ಸಿಗ್ತಾರೆ. ಮನೆ ಮಾಡ್ಕೊಂಡು ಕೂತೋರನ್ನ ಹುಡುಕ್ಬೇಕು ಅಂದ್ರೆ ಮೂಳೆಗೇ ಹೋಗ್ಬೇಕು."

"ಕೂತಿದ್ರೆ ಕೂತಿರ್ಲಿ ಬಿಡಿ. ಕುರಿ ಚೆನ್ನಾಗೇ ಇತ್ತಂತಲ್ಲ."

"ಕೂತಿರೋ ತನಕ ಚೆನ್ನಾಗೇ ಇರುತ್ತೆ. ಮರಿ ಹಾಕಿ ಹಾಲು ಕೊಡೋಕೆ ನಿಂತಾಗ? ಹಾಲಿಗೆ ಕ್ಯಾಲ್ಸಿಯಂ ಬೇಕು. ಮೇವಲ್ಲಿ ಸಾಲದಿದ್ರೆ ಮೈ ತನ್ನ ಮೂಳೆನೇ ಕರಗಿಸ್ಕೊಳ್ಳುತ್ತೆ. ಅದರ ಜೊತೆ ಇದೂ ಎದ್ದು ಬರುತ್ತೆ. ಅದಕ್ಕೇ ನಾನು ಬಡ್ಕೊಳ್ಳೋದು, ಎಷ್ಟು ವಿಷ ತಿಂತು ಅಂತ ಮಾತ್ರ ಕೇಳ್ಬೇಡಿ ಅಂತ. ವಯಸ್ಸೆಷ್ಟು, ಹೊಟ್ಟೆ ತುಂಬಿತ್ತೋ ಖಾಲಿನೋ, ಗಬ್ಬನೋ, ಹಾಲು ಕೊಡ್ತಿತ್ತೋ, ಎಲ್ಲ ಬರ್ಕೊಳ್ಳಿ. ಒಂದೇ ಅಂಗಳ, ಒಂದೇ ಮೇವು. ಒಂದಕ್ಕೆ ಬಡಿಯುತ್ತೆ, ಇನ್ನೊಂದು ಮೆಲುಕು ಹಾಕ್ಕೊಂಡು ಕೂತಿರುತ್ತೆ."

ನನ್ನ ಕೈಯಲ್ಲಿದ್ದ ಗಾಜಿನ ನಳಿಗೆ ಸ್ಟ್ಯಾಂಡಿನೊಳಗೆ ಇಳಿಯಲೇ ಇಲ್ಲ. ನನಗೆ ಅಜ್ಜಿಯ ಮೇಕೆ ನೆನಪಾಗಿತ್ತು.

ಆ ಮೇಕೆಯ ಹೆಸರು ದೊರೆಸಾನಿ. ಕತ್ತು ಎತ್ತಿಕೊಂಡೇ ನಡೆಯುತ್ತಾಳೆ, ಕರೆದರೆ ತಿರುಗುವುದಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಬೆಳೆಯುವ ವಯಸ್ಸಿನ ಎರಡು ವರ್ಷ ಅವಳು ಅದರ ಬೇಲಿಯ ಹುಲ್ಲನ್ನೇ ಮೇದವಳು. ಶೆಡ್ಡು ಮುಚ್ಚಿತು. ಅಜ್ಜಿ ಅವಳನ್ನು ಹಿತ್ತಲಲ್ಲಿ ಕಟ್ಟಿ ಕೊಂಡ ಮೇವು ಹಾಕತೊಡಗಿದರು. ಒಂದು ವರ್ಷ ಕಳೆದ ಮೇಲೆ ಅಜ್ಜಿಗೇ ಅನುಮಾನ ಬಂದು, "ನೀನು ಅದೇನೋ ಉರಿಗೆ ಹಾಕಿ ನೋಡ್ತೀಯಲ್ಲ, ಇವಳನ್ನೂ ಒಮ್ಮೆ ನೋಡು," ಎಂದರು. ನಾನು ರಕ್ತ ತೆಗೆದೆ. ಆಗ ಅವಳು ಗಬ್ಬವಾಗಿರಲಿಲ್ಲ, ಕೆಚ್ಚಲು ಬತ್ತಿತ್ತು. ಅಂಕಿ ಸಣ್ಣದಿತ್ತು. ಬಿಳಿ ಹಾಳೆಯ ಮೇಲೆ "ದೋಷವಿಲ್ಲ, ಹಾಲು ಬಳಸಬಹುದು" ಎಂದು ಬರೆದು, ಹೊಸ ಕೆಲಸದ ಜಂಬದಲ್ಲಿ ಕೆಳಗೆ ಸಹಿಯನ್ನೂ ಎಳೆದೆ. ಅಜ್ಜಿ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರು.

ಈಗ ದೊರೆಸಾನಿ ಮರಿ ಹಾಕಿ ಏಳು ವಾರ. ಅಕ್ಕನ ಮಗಳಿಗೆ ಒಂದೂವರೆ ವರ್ಷ. ಚಿಟಿಕೆಯಷ್ಟಿದ್ದಾಳೆಂದು ಅವಳನ್ನು ಚಿಟಿಕೆ ಎಂದೇ ಕರೆಯುತ್ತೇವೆ. ಬೇರೆ ಯಾವ ಹಾಲು ಕೊಟ್ಟರೂ ಕಕ್ಕುತ್ತಿದ್ದವಳು ಇದನ್ನು ಮಾತ್ರ ಗಟಗಟ ಕುಡಿಯುತ್ತಿದ್ದಳು. ದಿನಕ್ಕೆ ಮೂರು ಲೋಟ.

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಅಜ್ಜಿ ಹೇಳುತ್ತಿದ್ದ ಕಥೆಯೊಂದು ತಾನಾಗಿ ಬಿಚ್ಚಿಕೊಂಡಿತು. ದೂರ ದೇಶಕ್ಕೆ ಹೋದ ಮಗನ ಅಂಗಿ ತೊಟ್ಟು ಅಪರಿಚಿತನೊಬ್ಬ ಮನೆಗೆ ಬರುತ್ತಾನೆ. ಕುರುಡು ತಾಯಿ ಅಂಗಿ ಸವರಿ ನೋಡಿ, ನನ್ನ ಮಗನೇ ಎಂದು ಒಳಗೆ ಕರೆದು ಹಾಸಿಗೆ ಹಾಸುತ್ತಾಳೆ. ಅವನು ಎಷ್ಟೋ ವರ್ಷ ಸದ್ದಿಲ್ಲದೆ ಮಲಗಿರುತ್ತಾನೆ. ಸೀಸವೂ ಕ್ಯಾಲ್ಸಿಯಮ್ಮಿನ ಅಂಗಿ ತೊಟ್ಟೇ ಬರುವುದು. ಮೂಳೆ ಸವರಿ ನೋಡಿ ಒಳಗೆ ಬಿಟ್ಟುಕೊಳ್ಳುತ್ತದೆ. ಕಣ್ಣು ಮುಚ್ಚಿದರೆ ದೊರೆಸಾನಿಯ ಮೂಳೆಗಳೊಳಗೆ ಸಾಲುಸಾಲು ಬಿಳಿ ಮನೆಗಳು ಕಾಣುತ್ತಿದ್ದವು. ಒಂದೊಂದೇ ಬಾಗಿಲು ತೆರೆಯುತ್ತಿತ್ತು. ಬೂದು ಬಣ್ಣದವರು ಎದ್ದು, ಹಾಲಿನ ಹೊಳೆಯ ಕಡೆಗೆ ಸಾಲಾಗಿ ನಡೆಯುತ್ತಿದ್ದರು. ನನ್ನ ನಿಲ್ದಾಣ ದಾಟಿಹೋಗಿ ಎರಡು ಬೀದಿ ಹಿಂದಕ್ಕೆ ನಡೆದೆ.

ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಮರಿಯ ಬೆನ್ನು ಉಜ್ಜುತ್ತಿದ್ದರು. ಮರಿ ನಿಂತಲ್ಲೇ ವಾಲುತ್ತಿತ್ತು, ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿತ್ತು. "ಹುಟ್ಟಾ ಸೋಮಾರಿ. ಇದಕ್ಕೆ ತೂಕಡಿಕೆ ಅಂತಲೇ ಹೆಸರಿಟ್ಟಿದೀನಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ತಾಯಿಯ ಹಾಲೊಂದನ್ನೇ ಕುಡಿಯುವುದು ಮರಿ. ದೊಡ್ಡ ಪ್ರಾಣಿ ಸಗಣಿಯಲ್ಲಿ ಹೊರಹಾಕುವುದನ್ನು ಎಳೆಯ ಕರುಳು ಹೀರಿಕೊಂಡುಬಿಡುತ್ತದೆ.

"ಅಜ್ಜಿ, ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಹಾಲನ್ನೂ ಒಮ್ಮೆ ನೋಡ್ಬೇಕು. ಅಲ್ಲೀವರೆಗೂ ಚಿಟಿಕೆಗೆ ಕೊಡೋದು ಬೇಡ."

ಹೊಸ ಯಂತ್ರ ಬಂದಿರಲಿಲ್ಲ. ನಾನು ತಪ್ಪಿದೆ ಎನ್ನುವುದಕ್ಕಿಂತ ಯಂತ್ರ ಬಂತು ಎನ್ನುವುದು ಸುಲಭವಾಗಿತ್ತು.

"ಯಾಕೆ, ಹಳೇ ಯಂತ್ರ ಸುಳ್ಳು ಹೇಳಿತ್ತಾ? ಒಳಗೆ ಹೋಗಿ ಗೋಡೆ ನೋಡು. ನೀನೇ ಬರೆದಿದ್ದು, ಎಮ್ಮೆ ಬಾಲದಷ್ಟುದ್ದ ಸಹಿ ಬೇರೆ."

ಅಕ್ಕ ಬಾಗಿಲಿಗೆ ಬಂದಳು. "ಇವಳಿಗೆ ಎಲ್ಲದರಲ್ಲೂ ವಿಷ ಕಾಣುತ್ತೆ ಅಜ್ಜಿ. ಮೊನ್ನೆ ಮೀನು ಬೇಡ ಅಂದ್ಲು, ಅದಕ್ಕೂ ಮೊದಲು ಬಣ್ಣದ ಬಟ್ಟಲು ಬೇಡ ಅಂದ್ಲು. ಹೀಗೇ ಆದ್ರೆ ಮಗು ಗಾಳಿ ಕುಡಿದು ಬೆಳೀಬೇಕು."

"ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕ."

"ಗಾದೆ ಬೇರೆ ಕಲಿತಿದ್ದಾಳೆ," ಎಂದರು ಅಜ್ಜಿ. ಆದರೂ ಸಣ್ಣ ಸೀಸೆಯಲ್ಲಿ ಹಾಲು ಕೊಟ್ಟರು. "ತಗೊಂಡು ಹೋಗು. ನಿನ್ನ ಯಂತ್ರಕ್ಕೂ ಒಳ್ಳೇ ಹಾಲು ಹೇಗಿರುತ್ತೆ ಅಂತ ಗೊತ್ತಾಗ್ಲಿ."

ಮರುದಿನ ಅದೇ ಹಾಲನ್ನು ಉರಿಗೆ ಊದಿದೆ. ಅಂಕಿ ಬಂತು. ನಳಿಗೆ ತೊಳೆದು ಮತ್ತೊಮ್ಮೆ ಮಾಡಿದೆ. ಎರಡನೆಯ ಅಂಕಿ ಮೊದಲನೆಯದಕ್ಕಿಂತ ತುಸು ಹೆಚ್ಚೇ ಇತ್ತು. ತೂಕದ ಮಾಮ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು.

"ಇದ್ಯಾರ ಮೇಕೆ?"

"ನಮ್ಮದೇ."

"ಯಾರು ಕುಡೀತಿದಾರೆ?"

"ಅಕ್ಕನ ಮಗು," ಎಂದೆ. ಅವರು ನನ್ನ ಕೈಯಿಂದ ನಳಿಗೆ ತೆಗೆದುಕೊಂಡರು. "ಕೋಟು ಬಿಚ್ಚಿಟ್ಟು ಹೊರಡು. ಮಗುವಿನ ರಕ್ತ ನೋಡಿಸಿ. ಉಳಿದಿದ್ದು ಆಮೇಲೆ."

ಮನೆ ತಲುಪಿದಾಗ ಮಧ್ಯಾಹ್ನ. ಅಡುಗೆಮನೆಯ ನೆಲದ ಮೇಲೆ ಬಿಸಿಲು ಚೌಕವಾಗಿ ಬಿದ್ದಿತ್ತು. ಆ ಚೌಕದ ನಡುವೆ ಅಜ್ಜಿಯ ತೊಡೆಯ ಮೇಲೆ ಚಿಟಿಕೆ; ಅವಳ ಬಾಯಿಗೆ ಲೋಟ. ಹಾಲಿನ ಬಿಳಿ ಮೀಸೆ ಆಗಲೇ ಮೂಡಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಹೋಗಿ ಲೋಟ ಕಿತ್ತುಕೊಂಡೆ. ಮಗು ಕಿರುಚಿತು.

"ಬುದ್ಧಿ ಇದೆಯೇನೇ ನಿಂಗೆ?" ಅಜ್ಜಿಯ ದನಿ ಗಡುಸಾಯಿತು. "ನಿನ್ನೆಯಿಂದ ಬೇರೆ ಹಾಲು ಮೂರು ಸಲ ಕಕ್ಕಿದೆ. ಮಗು ಹಸಿದು ಅಳೋದನ್ನ ನೋಡ್ಕೊಂಡು ಕೂರ್ಲಾ? ಮೇಕೆ ಗುಂಡುಕಲ್ಲಿನ ಹಾಗಿದೆ. ವಿಷ ಇದ್ರೆ ಮೊದಲು ಅದು ಬೀಳ್ಬೇಕಿತ್ತು."

"ಅಜ್ಜಿ, ನೀವೇ ಹೇಳ್ತಿದ್ರಲ್ಲ, ಮಗನ ಅಂಗಿ ಹಾಕ್ಕೊಂಡು ಬಂದವನ ಕಥೆ. ಹಾಗೇನೇ ಇದು ಮೂಳೆಯೊಳಗೆ..."

"ಕಥೆ ಹೇಳಿ ನನ್ನ ಮಲಗಿಸ್ಬೇಡ. ಕಥೆ ಹೇಳೋದು ನನ್ನ ಕೆಲಸ. ನೀನು ಓದಿದವಳು, ನೇರವಾಗಿ ಹೇಳು. ಅವತ್ತು ಇಲ್ಲದ ವಿಷ ಇವತ್ತು ಎಲ್ಲಿಂದ ಬಂತು?"

ಗೋಡೆಯ ಮೇಲೆ ಹಾಳೆ ಇತ್ತು. ಎಣ್ಣೆಯ ಹಬೆಗೆ ಹಳದಿಯಾಗಿದ್ದರೂ ಸಹಿ ಕಪ್ಪಗೇ ಇತ್ತು. ಆ ಮನೆಯಲ್ಲಿ ನನ್ನ ಮಾತನ್ನು ಸೋಲಿಸಬಲ್ಲ ಒಂದೇ ಒಂದು ಸಾಕ್ಷಿ ಅದು, ಅದನ್ನು ಬರೆದವಳೂ ನಾನೇ.

"ಅವತ್ತೂ ಇತ್ತು ಅಜ್ಜಿ," ಎಂದೆ. "ಮೂಳೆಯಲ್ಲಿತ್ತು. ನಾನು ರಕ್ತ ಮಾತ್ರ ನೋಡಿದೆ. ಅವಳು ಹಾಲು ಕೊಡದೇ ಇದ್ದಾಗ ನೋಡಿ, ಹಾಲು ಕುಡೀಬಹುದು ಅಂತ ಬರೆದೆ. ಮರಿ ಹಾಕಿದ ಮೇಲೆ ನೋಡ್ಬೇಕಿತ್ತು. ಹೊಸ ಯಂತ್ರ ಯಾವುದೂ ಬಂದಿಲ್ಲ. ತಪ್ಪು ನಂದು. ಅದನ್ನ ಹೇಳೋಕೆ ಮನಸ್ಸು ಬರದೆ ನಿನ್ನೆ ಸುಳ್ಳು ಹೇಳಿದೆ."

ಅಜ್ಜಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ, ಲೋಟ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ನಡೆದರು.

"ಗಿಡಕ್ಕೆ ಹಾಕ್ಬೇಡಿ. ಮಣ್ಣಿಗೆ ಸೇರುತ್ತೆ."

"ಮತ್ತೆ ತಲೆ ಮೇಲೆ ಹೊತ್ಕೊಳ್ಳಲಾ?"

"ಮುಚ್ಚಳ ಇರೋ ಕ್ಯಾನಿಗೆ ಹಾಕಿ. ಲ್ಯಾಬಿಗೆ ಒಯ್ತೀನಿ."

ಅಜ್ಜಿ ಕ್ಯಾನಿಗೆ ಸುರಿದರು. ಪಾತ್ರೆಯಲ್ಲಿ ಉಳಿದಿದ್ದನ್ನೂ ಸುರಿದರು. ಆಮೇಲೆ ಉಗುರಿನಿಂದ ಗೋಡೆಯ ಹಾಳೆಯನ್ನು ಕೆರೆದು ಕೆರೆದು ತೆಗೆದರು; ಒಂದು ಮೂಲೆ ಅಂಟಿಕೊಂಡೇ ಉಳಿಯಿತು.

ಆ ಸಂಜೆಯೇ ಮಕ್ಕಳ ವೈದ್ಯೆಯ ಬಳಿಗೆ ಹೋದೆವು. ಮನೆಯ ಬಾಗಿಲಿನಿಂದ ವೈದ್ಯೆಯ ಮುಂದಿನ ಕುರ್ಚಿಯವರೆಗೆ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಸೂಜಿ ಕಂಡು ಚಿಟಿಕೆ ನಡುಗಿದಾಗ ಅಜ್ಜಿ ತಮ್ಮ ತೋಳು ಚಾಚಿ, "ಮೊದಲು ನಂದು ತಗೊಳ್ಳಿ. ಆ ಹಾಲು ಕುಡಿದೋರಲ್ಲಿ ನಾನೂ ಒಬ್ಳು," ಎಂದರು.

ಮೂರನೆಯ ದಿನ ವರದಿ ಬಂತು. ವೈದ್ಯೆ ಹಾಳೆಯನ್ನು ಅಕ್ಕನ ಕಡೆಗೆ ತಿರುಗಿಸಿದರು. "ಆಸ್ಪತ್ರೆಗೆ ಸೇರಿಸೋಷ್ಟಿಲ್ಲ. ಆದ್ರೆ ಇರಬಾರದಷ್ಟಿದೆ. ಇವಳ ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ. ಅದಿಲ್ಲದ ಹೊಟ್ಟೆ ಸೀಸನ ಹೆಚ್ಚು ಎಳ್ಕೊಳ್ಳುತ್ತೆ. ಕಬ್ಬಿಣದ ಹನಿ ಕೊಡ್ತೀನಿ. ಹಾಲಿಗೆ ಬದಲು ಒಂದು ಪುಡಿ ಬರ್ಕೊಡ್ತೀನಿ, ಅದು ಇವಳಿಗೆ ಒಗ್ಗುತ್ತೆ. ಹಸಿದ ಹೊಟ್ಟೇಲಿ ಮಣ್ಣಲ್ಲಿ ಆಡೋಕೆ ಬಿಡ್ಬೇಡಿ, ಖಾಲಿ ಹೊಟ್ಟೆನೂ ಹಾಗೇ ಎಳ್ಕೊಳ್ಳುತ್ತೆ. ಎರಡು ತಿಂಗಳಿಗೆ ಮತ್ತೆ ನೋಡೋಣ."

"ಮಾತು ಬರುತ್ತಲ್ಲ ಡಾಕ್ಟ್ರೇ?" ಅಕ್ಕ ಕೇಳಿದಳು. ಚಿಟಿಕೆ ಇನ್ನೂ ಒಂದು ಪದವನ್ನೂ ಆಡಿರಲಿಲ್ಲ; ಸೀಸ ಮೊದಲು ಕಾಡುವುದು ಎಳೆಯ ಮಿದುಳನ್ನೇ.

"ಬೇಗ ನಿಲ್ಲಿಸಿದ್ದೀರ," ಎಂದಷ್ಟೇ ವೈದ್ಯೆ ಹೇಳಿದರು.

ಆ ಎರಡು ತಿಂಗಳು ಮನೆಯಲ್ಲಿ ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಮರಿಗೆ ಸೀಸೆಯಲ್ಲಿ ಬೇರೆ ಹಾಲು ಕುಡಿಸಿ ನೋಡಿದೆವು. ಹನ್ನೊಂದನೆಯ ದಿನ ಅದು ಏಳಲಿಲ್ಲ. ಅಜ್ಜಿ ದೊರೆಸಾನಿಯ ಮೇವಿಗೆ ಮಾಮ ಹೇಳಿದ ಕ್ಯಾಲ್ಸಿಯಂ ಪುಡಿ ಕಲಸುತ್ತ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆ ಕರೆಯುತ್ತ ಕೆಚ್ಚಲು ಬತ್ತಿಸಿದರು. "ಇನ್ನು ಮರಿ ಬೇಡಮ್ಮ ನಿಂಗೆ. ರಾಣಿ ಹಾಗೆ ಸುಮ್ನೆ ಕೂತ್ಕೋ," ಎನ್ನುತ್ತಿದ್ದರು ಅವಳಿಗೆ. ಅಕ್ಕ ನನ್ನೊಡನೆ ಮಾತಾಡತೊಡಗಿದಳು; ಮೊದಲು ಉಪ್ಪಿನ ಡಬ್ಬಿ ಎಲ್ಲಿ ಎಂದು, ಆಮೇಲೆ ಬೇರೆಯದೂ.

ಎರಡನೆಯ ಸಲ ಸೂಜಿ ಹಿಡಿದು ನರ್ಸ್ ಹತ್ತಿರ ಬಂದಾಗ ಚಿಟಿಕೆ ಕೈ ಹಿಂದಕ್ಕೆಳೆದುಕೊಂಡು, ಸ್ಪಷ್ಟವಾಗಿ, "ಬೇಡ," ಎಂದಳು.

ಅಕ್ಕ ಬಾಯಿಗೆ ಸೆರಗೊತ್ತಿಕೊಂಡಳು.

"ಸರಿಹೋಯ್ತು. ನಮ್ಮ ಮನೆ ಹೆಂಗಸರ ಮಾತೇ ಮೊದಲು ಬಂತು," ಎಂದರು ಅಜ್ಜಿ.

ಅಂಕಿ ಅರ್ಧಕ್ಕಿಳಿದಿತ್ತು. ಅಕ್ಕ ವರದಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮನೆಗೆ ಬರುವ ದಾರಿಯಲ್ಲಿ ಮಗು ನನ್ನ ಹೆಗಲ ಮೇಲೆ ನಿದ್ದೆಹೋಯಿತು, ಬಾಯಿ ತುಸು ತೆರೆದು. ಇಳಿದದ್ದೆಲ್ಲ ಹೊರಗೆ ಹೋಗಿದೆಯೆಂದಲ್ಲ ಎಂದು ನನಗೆ ಗೊತ್ತಿತ್ತು. ಒಂದಿಷ್ಟು ಈ ಪುಟ್ಟ ಕಾಲುಗಳೊಳಗೆ ಮನೆ ಮಾಡಿರುತ್ತದೆ. ಇವಳೂ ಒಂದು ದಿನ ಬಸುರಿಯಾದರೆ, ಮೂಳೆ ತನ್ನಲ್ಲಿದ್ದುದನ್ನೆಲ್ಲ ಕೊಡತೊಡಗಿದರೆ? ಸುತ್ತಲಿನ ಬೀದಿ ನೀರಿನೊಳಗೆ ಕಂಡಂತೆ ಅಲುಗಿತು.

ಅಜ್ಜಿಗೆ ಇದನ್ನು ಹೇಳಿದೆ. ಈ ಸಲ ಯಂತ್ರದ ನೆಪವಿಲ್ಲದೆ, ಇದ್ದದ್ದನ್ನು ಇದ್ದಂತೆ. ಅವರು ನಡೆಯುತ್ತಲೇ ಕೇಳಿಸಿಕೊಂಡರು.

"ಅಷ್ಟೊತ್ತಿಗೆ ನಾನಿರಲ್ಲ," ಎಂದರು. "ನೀನೇ ಹೇಳ್ಬೇಕು. ಏನು ತಿನ್ಬೇಕು, ಯಾವಾಗ ರಕ್ತ ನೋಡಿಸ್ಬೇಕು, ಎಲ್ಲ."

"ಹೇಳ್ತೀನಿ."

"ನಿನ್ನ ತಪ್ಪನ್ನೂ ಸೇರಿಸಿ."

"ಅಲ್ಲಿಂದಲೇ ಶುರು ಮಾಡ್ತೀನಿ ಅಜ್ಜಿ."

"ಮಾಡು ಮತ್ತೆ. ಈಗಲೇ ಒಂದ್ಸಲ ಹೇಳಿ ನೋಡು, ನಾನೂ ಕೇಳ್ತೀನಿ. ಬಾಯಿಪಾಠ ಆಗ್ಲಿ."

ನಾನು ಮಗುವಿನ ಕಿವಿಗೆ ಬಾಯಿ ತಂದು, ಅವಳು ನಿದ್ದೆಯಲ್ಲಿದ್ದಾಳೆಂದು ಗೊತ್ತಿದ್ದೂ, ಮೆಲ್ಲಗೆ ಶುರು ಮಾಡಿದೆ: "ನಿಂಗೆ ಒಂದೂವರೆ ವರ್ಷ ಆಗಿದ್ದಾಗ ಚಿಕ್ಕಮ್ಮ ಒಂದು ತಪ್ಪು ಮಾಡಿದ್ಲು..."