ಹನ್ನೊಂದನೆಯ ಡೋಸು

೧

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಟಲಿಯಲ್ಲಿ ಒಂದು ಡೋಸು ಉಳಿದಿತ್ತು.

ಕತೆಯನ್ನು ಹೀಗೆ ಶುರು ಮಾಡಬಹುದೇ? ಗಂಟೆ, ಸಂಖ್ಯೆ, ನಡೆದದ್ದು. ಸುದ್ದಿಯಾಗಿದ್ದರೆ ಇಷ್ಟು ಸಾಕಿತ್ತು. ಆದರೆ ಆಸ್ಪತ್ರೆಯ ಆ ಹಾಲಿನಲ್ಲಿ ಆ ಹೊತ್ತು ಗಡಿಯಾರದ್ದಾಗಿರಲಿಲ್ಲ. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದಿತ್ತು. ಆರಾರು ಅಡಿ ದೂರಕ್ಕೆ ಹಾಕಿದ ಕುರ್ಚಿಗಳಲ್ಲಿ ಲಸಿಕೆ ಹಾಕಿಸಿಕೊಂಡವರು ಅರ್ಧ ಗಂಟೆ ಕಾಯುತ್ತ, ಲಂಗರು ಹಾಕಿದ ದೋಣಿಗಳಂತೆ ತೂಗುತ್ತಿದ್ದರು. ಮುಖವೆಂದರೆ ಬರಿಯ ಕಣ್ಣು. (ದೋಣಿಯನ್ನು ಹೊಡೆದುಹಾಕೋಣವೆಂದುಕೊಂಡೆ. ಇರಲಿ. ನೀವೂ ಒಂದು ಕುರ್ಚಿ ನೋಡಿ ಕೂತುಕೊಳ್ಳಿ.)

೨

ಹಿರಿಯ ಸಿಸ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಲೇಬಲ್ಲಿನ ಪ್ರಕಾರ ಅದರಲ್ಲಿ ಹತ್ತು ಡೋಸು. ಸಿರಿಂಜು ಸಣ್ಣದಾಗಿದ್ದು ಕೈ ನಡುಗದಿದ್ದರೆ ಹನ್ನೊಂದನೆಯದೂ ಬರುತ್ತದೆ. ಅವಳ ಕೈ ನಡುಗುವುದಿಲ್ಲ. ಬಾಟಲಿಗೆ ಮೊದಲ ಸೂಜಿ ಇಳಿದದ್ದು ಒಂದು ಗಂಟೆಗೆ. ಅಲ್ಲಿಂದ ನಾಲ್ಕು ತಾಸು ಅದರ ಆಯಸ್ಸು. ಐದಾದರೆ ಎಸೆಯಬೇಕು. ಉಳಿದದ್ದನ್ನು ಹಾಳುಮಾಡದೆ ಅಗತ್ಯವಿದ್ದವರಿಗೆ ಕೊಡಿ, ಯಾರಿಗೆಂದು ಉಸ್ತುವಾರಿಯವರೇ ತೀರ್ಮಾನಿಸಲಿ ಎಂದು ಗೋಡೆಯ ಸುತ್ತೋಲೆ ಹೇಳುತ್ತಿತ್ತು. ಉಸ್ತುವಾರಿ ಅವಳದೇ.

ಯಾರಿಗೆ ಮೊದಲು ಎಂಬ ಪಟ್ಟಿಯನ್ನು ಮಾಡಿದವಳೂ ಅವಳೇ. ರೋಗಿಗಳ ಹತ್ತಿರ ಸುಳಿಯುವ ಎಲ್ಲ ಸಿಬ್ಬಂದಿಯ ಹೆಸರು ಮಧ್ಯಾಹ್ನದೊಳಗೆ ಬೇಕೆಂದು ಆಫೀಸಿನವರು ಕುತ್ತಿಗೆಯ ಮೇಲೆ ಕೂತಿದ್ದರು. ಹಾಜರಿ ಪುಸ್ತಕಗಳು ಮೂವರು ಕಂಟ್ರಾಕ್ಟರುಗಳ ಬಳಿ ಹಂಚಿಹೋಗಿದ್ದವು. ಕೈಗೆ ಸಿಕ್ಕಿದ್ದು ಲಾಕರ್ ಕೀಲಿಗಳ ರಿಜಿಸ್ಟರು. ಕೀಲಿ ಇದ್ದವರೆಲ್ಲ ಸಿಬ್ಬಂದಿ ಎಂದುಕೊಂಡು ಇನ್ನೂರ ಹನ್ನೆರಡು ಹೆಸರು ಇಳಿಸಿದಳು. ಎಂಟು ತಿಂಗಳಿಂದ ಈ ಕಡೆ ತಲೆಹಾಕದ, ಕೀಲಿಯನ್ನೂ ಹಿಂತಿರುಗಿಸದ ಫಿಸಿಯೋಥೆರಪಿಯವರು ಇವತ್ತು ನಗುನಗುತ್ತ ಬಂದು ತೋಳು ಒಡ್ಡಿ ಹೋದರು. ನೆಲಮಾಳಿಗೆಯಲ್ಲಿ ಸೋಂಕಿನ ವಾರ್ಡಿನ ಹಾಸುಬಟ್ಟೆ ಒಗೆಯುವ ಹದಿನಾಲ್ಕು ಮಂದಿ ಪಟ್ಟಿಯಲ್ಲಿರಲಿಲ್ಲ. ಅವರು ತಮ್ಮ ಚೀಲಗಳನ್ನು ಮಷೀನಿನ ಹಿಂದಿನ ಮೊಳೆಗಳಿಗೆ ತೂಗುಹಾಕುತ್ತಾರೆ. ಲಾಕರು ಇಲ್ಲ.

ಅವಳಿಗೆ ಇದು ಹೊಳೆದದ್ದು ಮೂರೂವರೆಗೆ. ಪರದೆಗಳನ್ನು ಒಯ್ಯಲು ತಳ್ಳುಗಾಡಿಯೊಡನೆ ಬಂದ ಬಟ್ಟೆ ಒಗೆಯುವ ವಿಭಾಗದ ಅಕ್ಕ, ನಮ್ಮ ಸರದಿ ಯಾವತ್ತು ಎಂದು ಸುಮ್ಮನೆ ಕೇಳಿದ್ದಳು. ಸಿಸ್ಟರ್ ರಿಜಿಸ್ಟರನ್ನು ತಿರುವಿ ನೋಡಿದಳು; ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅಷ್ಟರಲ್ಲಿ ಅವಳು ಮನೆಗೆ ಫೋನ್ ಮಾಡಿಯಾಗಿತ್ತು: ಒಂದು ಉಳಿಯಬಹುದು, ರೆಡಿಯಾಗಿರಿ.

ಮನೆಯಲ್ಲಿ ಅಪ್ಪ. ಎಪ್ಪತ್ತೊಂದು ವಯಸ್ಸು, ಐವತ್ತು ವರ್ಷ ಮರಗೆಲಸ, ಎದೆಯಲ್ಲಿ ಅಷ್ಟೂ ವರ್ಷದ ಮರದ ಪುಡಿ. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ವಯಸ್ಸಾದವರ ಸರದಿ ಯಾವಾಗೆಂದು ಯಾರೂ ಬಾಯಿಬಿಟ್ಟಿರಲಿಲ್ಲ. ಆಟೋದಲ್ಲಿ ಬಂದರೆ ಇಪ್ಪತ್ತೈದು ನಿಮಿಷ.

೩

(ಹೊಡೆದುಹಾಕಿದ್ದೇನೆ. ಇದರಲ್ಲಿ ಅಪ್ಪ ಬಂದರು, ಹಾಕಿಸಿಕೊಂಡರು, ಮಗಳು ಕಣ್ಣೊರೆಸಿಕೊಂಡಳು. ನೆಲಮಾಳಿಗೆಯ ಸುದ್ದಿಯನ್ನೇ ಎತ್ತಿರಲಿಲ್ಲ.)

ಮತ್ತೆ ೩

ಓದುವವರ ಕರುಳು ಚುರುಕ್ಕೆನ್ನಲಿ ಎಂದು ಅಕ್ಕನಿಗೆ ಒಂದು ಕೆಮ್ಮು ಕೊಟ್ಟೆ. ಮನೆಯಲ್ಲಿ ಮೂವರು ಪುಟ್ಟ ಮಕ್ಕಳನ್ನೂ ಕೊಟ್ಟೆ. ಅವಳು ವಾಕ್ಯದ ನಡುವೆಯೇ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ನಂಗೆ ಕೆಮ್ಮೂ ಇಲ್ಲ, ಮಕ್ಕಳೂ ಇಲ್ಲ. ದಿನಕ್ಕೆ ನೂರೆಂಬತ್ತು ಹಾಸು ಕೊಡವ್ತೀನಿ. ಅಷ್ಟು ಸಾಲಲ್ವಾ ನಿಮ್ಗೆ?”

ಸಾಕು. ಕೆಮ್ಮನ್ನೂ ಮಕ್ಕಳನ್ನೂ ವಾಪಸು ತೆಗೆದುಕೊಂಡೆ.

೪

ನಾಲ್ಕೂವರೆಗೆ ಸಿಸ್ಟರ್ ಜಗಳಕ್ಕೆ ಬಂದಳು.

“ಬರೀತಿರೋದು ನೀವು ತಾನೆ? ಇನ್ನೊಂದು ಡೋಸು ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?”

ಹನ್ನೆರಡನೆಯದು ಬರುವುದಿಲ್ಲ ಎಂದೆ. ತಲಾ ಅರ್ಧ ಎಂ.ಎಲ್. ಹಿಡಿದು ನೋಡಿದ್ದೇನೆ, ತಿಳಿದವರನ್ನೂ ಕೇಳಿದ್ದೇನೆ.

“ಇಲ್ಲದ್ದನ್ನ ಬರೆಯೋದೇ ಕತೆ ಅಂತೀರಿ. ನಮ್ಮಪ್ಪನ ವಿಷಯಕ್ಕೆ ಬಂದಾಗ ಮಾತ್ರ ಎಂ.ಎಲ್. ಲೆಕ್ಕ.”

ಅದಕ್ಕೇ ಐದನೆಯ ಭಾಗವನ್ನು ಬರೆದೆ.

೫

ಬಾಟಲಿ ತಾನಾಗಿ ತುಂಬಿಕೊಂಡಿತು. ನೆಲಮಾಳಿಗೆಯಿಂದ ಹಾಸುಗಳು ಒದ್ದೆಯಾಗಿಯೇ ತೇಲುತ್ತ ಮೇಲೆ ಬಂದವು, ಅವುಗಳ ಹಿಂದೆ ಹದಿನಾಲ್ಕು ಮಂದಿ. ಸಾಲು ಗೋಡೆಗುಂಟ ಸಾಗಿ, ಬಾಗಿಲು ದಾಟಿ, ಬೀದಿ ಬೀದಿ ಸುತ್ತಿ ಇನ್ನೊಂದು ಬಾಗಿಲಿನಿಂದ ಒಳಬಂದು ತನ್ನನ್ನೇ ಕೂಡಿಕೊಂಡಿತು. ಮೊದಲಿಗರು ಯಾರೆಂದು ಕೇಳುವ ಹಾಗೇ ಇರಲಿಲ್ಲ, ಸಾಲಿಗೆ ತುದಿಯೇ ಇಲ್ಲವಲ್ಲ. ಸಿಸ್ಟರ್ ಕೈಯಲ್ಲಿ ಪಟ್ಟಿ ಇರಲಿಲ್ಲ. ಅಪ್ಪ ಮತ್ತು ಅಕ್ಕ ಅಕ್ಕಪಕ್ಕದ ಕುರ್ಚಿಗಳಲ್ಲಿ ತೋಳು ಒತ್ತಿಕೊಂಡು, ಯಾವ ಮರ ಒದ್ದೆಗೆ ಬಾಗುವುದಿಲ್ಲ ಎಂದು ಮಾತಾಡುತ್ತಿದ್ದರು.

ಇದನ್ನು ಇಟ್ಟುಕೊಳ್ಳಬೇಕೆಂದಿದ್ದೆ. ಆಮೇಲೆ ಕಂಡಿತು: ಅಪ್ಪ ಒಂದು ಮೆಟ್ಟಿಲಿನಲ್ಲೂ ನಿಲ್ಲದೆ ಮೇಲೆ ಬಂದಿದ್ದರು. ಏದುಸಿರೇ ಇಲ್ಲದ ಆ ಮುದುಕ ಅವಳ ಅಪ್ಪನಾಗಿರಲಿಲ್ಲ. ಯಾರನ್ನೋ ಕರೆತಂದು ಕೂರಿಸಿದ್ದೆ. ಅಳಿಸಿದೆ.

೬

ನಾಲ್ಕು ಮೂವತ್ತೆರಡು. ಇನ್ನು ತಡವಾದರೆ ಆಟೋ ಹತ್ತಿಯೂ ಪ್ರಯೋಜನವಿಲ್ಲ. ಸಿಸ್ಟರ್ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದರು.

“ಹೊರಡ್ಲೇನಮ್ಮ? ಚಪ್ಪಲಿ ಹಾಕ್ಕೊಂಡೇ ಕೂತಿದೀನಿ.”

“ಇವತ್ತು ಬೇಡಪ್ಪ.”

“ಯಾಕೆ, ಮುಗೀತಾ?”

ಮುಗಿಯಿತು ಎಂದುಬಿಡಬಹುದಿತ್ತು. ನಾನೂ ಅದನ್ನೇ ಬರೆದಿಟ್ಟಿದ್ದೆ. ಅವಳು ಓದಲಿಲ್ಲ.

“ಇದೆ. ಕೆಳಗಡೆಯವರನ್ನ ನಾನೇ ಬಿಟ್ಟುಬಿಟ್ಟಿದ್ದೆ, ಅಪ್ಪ. ಪಟ್ಟೀಲಿ.”

(ಇಲ್ಲಿ ಅವರಿಂದ ಒಂದು ದೊಡ್ಡ ಮಾತು ಆಡಿಸಬೇಕೆಂದು ಬಹಳ ಕಾದೆ. ಆಡಲಿಲ್ಲ.)

“ಸರಿ. ಬಿಚ್ತೀನಿ ಹಂಗಾದ್ರೆ,” ಎಂದರು.

೭

ಸಿಸ್ಟರ್ ಹೇಳಿಕಳಿಸಿದಾಗ ಅಕ್ಕ ಮುಂಗೈವರೆಗೂ ಒದ್ದೆಯಾಗಿಯೇ ಬಂದಳು. ಬಂದವಳು ಕೂರಲಿಲ್ಲ. ತಾನೊಬ್ಬಳೇ ಹಾಕಿಸಿಕೊಂಡು ಕೆಳಗೆ ಹೋಗಿ ಉಳಿದವರಿಗೆ ಯಾವ ಮುಖ ತೋರಿಸಲಿ ಎಂದು ತಗಾದೆ ತೆಗೆದಳು. ಸಿಸ್ಟರ್ ಪಟ್ಟಿಯ ಬೆನ್ನಿಗೆ ಅವಳು ಹೇಳಿದಂತೆ ಹದಿಮೂರು ಹೆಸರು ಬರೆದುಕೊಂಡು, ಕೆಳಗೆ ತನ್ನ ಸಹಿ ಹಾಕಿ ತೋರಿಸಿದಳು. ನಾಲ್ಕು ಐವತ್ತೆರಡಕ್ಕೆ ಸೂಜಿ ಇಳಿಯಿತು. ಅರ್ಧ ಗಂಟೆ ಕೂರಬೇಕು ಅಂದಾಗ ಅಕ್ಕ, ಮಷೀನು ನಿಮ್ಮಪ್ಪ ನಿಲ್ಲಿಸ್ತಾರಾ ಎಂದು ರೇಗಿದಳು. ಸಿಸ್ಟರ್ ಅವಳ ಭುಜ ಹಿಡಿದು ಕೂರಿಸಿದಳು.

ಮುಕ್ತಾಯ, ಅಥವಾ ಅದರ ಜಾಗ

ಮೂರು ಬರೆದಿದ್ದೇನೆ. ಒಂದರಲ್ಲಿ ಅಪ್ಪ ತಮ್ಮ ಸರದಿಯವರೆಗೂ ಇರುತ್ತಾರೆ. ಒಂದರಲ್ಲಿ ಇರುವುದಿಲ್ಲ. ಇನ್ನೊಂದರಲ್ಲಿ ಇದ್ದಾರೆ, ಆದರೆ ಆ ಸಂಜೆಯ ಮಾತನ್ನು ಅಪ್ಪ, ಮಗಳು ಇಬ್ಬರೂ ಎತ್ತುವುದಿಲ್ಲ. ಯಾವುದನ್ನು ಇಡಲಿ ಎಂದು ಸಿಸ್ಟರನ್ನೇ ಕೇಳಿದೆ. ಯಾವುದನ್ನೂ ಇಡಬೇಡಿ, ಅದು ನಮ್ಮನೆ ವಿಷಯ ಅಂದಳು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ನೆಲಮಾಳಿಗೆಯ ಹದಿಮೂರು ಮಂದಿ ಮೇಲೆ ಬಂದರು. ವಯಸ್ಸಾದವರಿಗೆ ಲಸಿಕೆ ಶುರುವಾದದ್ದು ನಲವತ್ತೊಂದು ದಿನದ ನಂತರ.