ಕಣ್ಣೆದುರೇ ಹುಟ್ಟಿದ ಸದ್ದು

ಡಿಜೆ ಆಗಿರುವ ನನ್ನ ಬಾಮೈದನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಬರುತ್ತಾನೆ, ಯಾರೋ ಮಾಡಿಟ್ಟ ಹಾಡು ಹಾಕಿ ಕೈಯೆತ್ತಿ ಕುಣಿಯುತ್ತಾನೆ. ನಾನು ಹಾಗಲ್ಲ. ನಾಲ್ಕು ಸಿಂಥಸೈಜರು, ಒಂದು ಡ್ರಮ್ ಮಷೀನು, ಒಂದು ಬುಟ್ಟಿ ವಯರು ಹೊತ್ತು ತಂದು, ಪ್ರತಿ ಸದ್ದನ್ನೂ ಜನರ ಕಣ್ಣೆದುರೇ ಹುಟ್ಟಿಸುತ್ತೇನೆ.

ಆ ಭಾನುವಾರ ಮಧ್ಯಾಹ್ನ ಒಂದು ಸಂಗೀತ ಮೇಳದಲ್ಲಿ ಅವನಾದ ಮೇಲೆ ನನ್ನ ಸರದಿ.

“ಭಾವ, ನಡುವೆ ಸದ್ದು ನಿಲ್ಲಬಾರದು ಅಂತ ನಿಮ್ದೇ ಹೋದ ವರ್ಷದ ಪ್ರೋಗ್ರಾಂ ರೆಕಾರ್ಡಿಂಗ್ ಹಾಕಿದೀನಿ. ನೀವು ಶುರು ಮಾಡಿದ ತಕ್ಷಣ ಸೌಂಡಿನವಳು ಅದನ್ನ ನಿಲ್ಲಿಸ್ತಾಳೆ,” ಎಂದು ಹೇಳಿ ಅವನು ವೇದಿಕೆ ಇಳಿದ.

ಹೋದ ವರ್ಷ ನುಡಿಸಿದ್ದನ್ನೇ ನಾನು ಶುರು ಮಾಡಿದೆ. ಎಂಥ ದಿನ! ಕೈ ಒಮ್ಮೆಯೂ ತಪ್ಪಲಿಲ್ಲ. ಜನ ಹುಚ್ಚೆದ್ದು ಕುಣಿದರು. ಮೂಲೆಯಲ್ಲಿ ನಿಂತಿದ್ದ ಬಾಮೈದನಿಗೆ, ‘ನೋಡಿ ಕಲಿ’ ಎಂಬಂತೆ ಹುಬ್ಬು ಹಾರಿಸಿದೆ.

ಅಷ್ಟರಲ್ಲಿ ಸ್ಪೀಕರಿನಿಂದ ಜೋರಾಗಿ ಒಂದು ಸೀನು ಕೇಳಿಸಿತು. ಸೀನು ನನ್ನದೇ, ಅನುಮಾನವಿಲ್ಲ. ಆದರೆ ನಾನು ಸೀನಿರಲಿಲ್ಲ. ಸೀನಿದ್ದು ಹೋದ ವರ್ಷ, ಮೈಕಿನ ಮುಂದೆ.

ಸೌಂಡಿನವಳ ಕಡೆ ನೋಡಿದೆ. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಫೋನಿನಲ್ಲಿ ಮುಳುಗಿದ್ದಳು. ನನ್ನ ಯಂತ್ರಗಳ ಸದ್ದನ್ನು ಸ್ಪೀಕರಿಗೆ ಬಿಡುವ ಸ್ವಿಚ್ಚನ್ನು ಅವಳು ಮುಟ್ಟಿಯೇ ಇರಲಿಲ್ಲ. ಬಾಮೈದ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದ. ಜನರೆಲ್ಲ ನನ್ನ ಮೂಗನ್ನೇ ನೋಡುತ್ತಿದ್ದರು.

ಆ ರೆಕಾರ್ಡಿಂಗನ್ನು ನಾನು ನೂರು ಸಲ ಕೇಳಿದ್ದೇನೆ. ಇನ್ನು ತಾಳದ ಎಂಟು ಏಟಾದ ಮೇಲೆ ಮತ್ತೊಂದು ಸೀನಿದೆ. ಮನಸ್ಸಿನಲ್ಲೇ ಎಣಿಸಿದೆ. ಎಂಟಕ್ಕೆ ಸರಿಯಾಗಿ, ಮೂಗು ಹಿಡಿದುಕೊಂಡು ಬಾಗಿದೆ.